ಮಾರ್ಕ್‌ಶೀಟ್ ಯಾರ ಕಪಾಟಿನಲ್ಲಿರಬೇಕು?

ಡೊಂಬಿವಲಿಯ ಓದುಗಿಯೇ, ನಿಮ್ಮ ನಾಲ್ಕು ಪುಟಗಳ ಪತ್ರವನ್ನು ನಾನು ಒಂದೇ ಸಲಕ್ಕೆ ಓದಿ ಮುಗಿಸಲಿಲ್ಲ. ಮೂರನೆಯ ಪುಟದಲ್ಲಿ ನಿಂತೆ, ಸಿಟ್ಟು ಇಳಿದ ಮೇಲೆ ಉಳಿದುದನ್ನು ಓದಿದೆ. ಸಿಟ್ಟು ನಿಮ್ಮ ಮೇಲಿನದಲ್ಲ.

ಇತರ ಓದುಗರಿಗಾಗಿ ನಿಮ್ಮ ಸಂಗತಿಯನ್ನು ಚುಟುಕಾಗಿ ಹೇಳುತ್ತೇನೆ. ನಿಮಗೆ 22 ವರ್ಷ. ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಐಟಿ ಮುಗಿಸಿ ಒಂಬತ್ತು ತಿಂಗಳು ಕೆಲಸ ಹುಡುಕಿದ್ದೀರಿ. ಐರೋಲಿ, ಪವಾಯಿ, ಅಂಧೇರಿಗಳ ಕಚೇರಿಗಳಿಗೆ ಅಲೆದು, ‘ತಿಳಿಸುತ್ತೇವೆ’ ಎಂಬ ಉತ್ತರವನ್ನಷ್ಟೇ ತಂದಿದ್ದೀರಿ. ಕೊನೆಗೆ ಪುಣೆಯ ಹಡಪ್ಸರದಲ್ಲಿರುವ ಚಿಕ್ಕಪ್ಪ ತಮ್ಮ ಪರಿಚಯದವರೊಬ್ಬರ ಮೂಲಕ ಹಿಂಜೆವಾಡಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿಯ ಕೆಲಸ ಕೊಡಿಸಿದ್ದಾರೆ. ಮುಂದಿನ ತಿಂಗಳ ಒಂದನೇ ತಾರೀಕಿಗೆ ಸೇರಬೇಕು. ನೀವು ಚಿಕ್ಕಪ್ಪನ ಮನೆಯಲ್ಲೇ ಇರಬೇಕು, ಇಲ್ಲವಾದರೆ ಡೊಂಬಿವಲಿಯಿಂದಲೇ ರೈಲಿನಲ್ಲಿ ಓಡಾಡಬೇಕು ಎಂಬುದು ಅಮ್ಮನ ಮಾತು. ನಿಮಗೆ ಗೆಳತಿಯೊಂದಿಗೆ ಹಿಂಜೆವಾಡಿಗೆ ಹತ್ತಿರದ ವಾಕಡ್‌ನ ಪಿಜಿಯಲ್ಲಿ, ಅಂದರೆ ಪೇಯಿಂಗ್ ಗೆಸ್ಟ್ ವಸತಿಯಲ್ಲಿ ಇರುವ ಆಸೆ. ಅಪ್ಪಯ್ಯ ಏನೂ ಹೇಳುತ್ತಿಲ್ಲ. ‘ಚಿಕ್ಕಪ್ಪನ ಮನೆ ಬೇಡವೆಂದರೆ ಅಪ್ಪಯ್ಯನಿಗೆ ಬೇಸರವಾದೀತೇ?’ ಎಂಬುದು ನಿಮ್ಮ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಸುಲಭ, ಆಮೇಲೆ ಕೊಡುತ್ತೇನೆ. ಪಿಜಿಯ ಊಟದ ವಿಚಾರಕ್ಕೂ ಚಿಕ್ಕಮ್ಮನ ಸ್ವಭಾವದ ವಿಚಾರಕ್ಕೂ ನಡುವೆ, ದಾರಿಯಲ್ಲಿ ಬಿದ್ದ ಕಡ್ಡಿಯನ್ನು ಕಾಲಿನಿಂದ ಸರಿಸಿದ ಹಾಗೆ ನೀವು ಬರೆದ ಮೂರು ವಾಕ್ಯಗಳು ಹೀಗಿವೆ: ‘ಸೇರುವ ದಿನ ಹತ್ತನೇ ಕ್ಲಾಸಿನಿಂದ ಡಿಗ್ರಿವರೆಗಿನ ಒರಿಜಿನಲ್ ಮಾರ್ಕ್‌ಶೀಟ್ ಎಲ್ಲ ಕೊಡಬೇಕಂತೆ, ಬಾಂಡ್ ಇರುವ ಎರಡು ವರ್ಷ ಅವರ ಹತ್ತಿರವೇ ಇರುತ್ತದಂತೆ. ಎಲ್ಲ ಕಡೆ ಹೀಗೇ ಎಂದು ಚಿಕ್ಕಪ್ಪ ಹೇಳಿದರು. ಅಪ್ಪಯ್ಯನಿಗೆ ಇದನ್ನು ಹೇಳಿಲ್ಲ.’

ಎಲ್ಲ ಕಡೆ ಹೀಗಿಲ್ಲ. ಕೆಲಸಕ್ಕೆ ತೆಗೆದುಕೊಳ್ಳುವವರು ಮೂಲ ಪತ್ರಗಳನ್ನು ನೋಡಲು ಕೇಳುವುದು ಸರಿ. ನಕಲಿನೊಂದಿಗೆ ಹೋಲಿಸಿ, ಅದೇ ಮೇಜಿನ ಮೇಲೆ, ಅದೇ ಗಳಿಗೆಯಲ್ಲಿ ಹಿಂದಿರುಗಿಸುವುದು ಕ್ರಮ. ವರ್ಷಗಟ್ಟಲೆ ಕಲಿಸುವ ಕಾಲೇಜುಗಳೂ ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ತಮ್ಮಲ್ಲಿ ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯಗಳ ಮೇಲುಸ್ತುವಾರಿ ನೋಡುವ ಯುಜಿಸಿ 2018ರಲ್ಲಿ ಅಧಿಸೂಚನೆ ಹೊರಡಿಸಿರುವಾಗ, ಇನ್ನೂ ಒಂದು ದಿನದ ಸಂಬಳವನ್ನೂ ಕೊಡದ ಕಂಪನಿ ಯಾವ ಸಲುಗೆಯಿಂದ ನಿಮ್ಮ ಹದಿನೈದು ವರ್ಷಗಳ ಓದನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತದೆ?

ಬಾಂಡ್ ಬೇರೆ, ಮಾರ್ಕ್‌ಶೀಟ್ ಬೇರೆ. ಇಷ್ಟು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ಇಷ್ಟು ಹಣ ಕೊಡುತ್ತೇನೆ ಎಂದು ಬರೆದುಕೊಡುವುದು ಬಾಂಡ್. ಬಾಂಡ್‌ಗಳೆಲ್ಲ ಬರಿಯ ಕಾಗದವೆಂದು ನಾನು ಹೇಳುವುದಿಲ್ಲ. ಸರ್ಕಾರಿ ಬ್ಯಾಂಕೊಂದು ಮೂರು ವರ್ಷದ ಸೇವೆಗಾಗಿ ಬರೆಸಿಕೊಂಡಿದ್ದ 2 ಲಕ್ಷ ರೂಪಾಯಿಯ ಬಾಂಡ್ ಅನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಆದ್ದರಿಂದ ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಓದಬೇಕು. ಆದರೆ ನೀವು ಅವಧಿಗೆ ಮೊದಲೇ ಬಿಟ್ಟರೆ, 1872ರ ಕರಾರು ಕಾಯಿದೆಯ 74ನೇ ಕಲಮಿನಂತೆ ಕಂಪನಿ ಕೇಳಬಹುದಾದದ್ದು ಬಾಂಡಿನಲ್ಲಿ ಬರೆದ ಮೊತ್ತವನ್ನು ಮೀರದ, ನ್ಯಾಯವೆನಿಸುವಷ್ಟು ಪರಿಹಾರವನ್ನು ಮಾತ್ರ, ಅದನ್ನೂ ಕೋರ್ಟಿನ ಮೆಟ್ಟಿಲು ಹತ್ತಿಯೇ ಕೇಳಬೇಕು. ಕೋರ್ಟಿಗೆ ಹೋಗಲು ವಕೀಲರು ಬೇಕು, ಹಣ ಬೇಕು, ವರ್ಷಗಳು ಬೇಕು. ಡ್ರಾಯರಿನಲ್ಲಿರುವ ಮಾರ್ಕ್‌ಶೀಟಿಗೆ ಇವೇನೂ ಬೇಡ. ಕೊಡುವುದಿಲ್ಲ ಎಂದರೆ ಮುಗಿಯಿತು. ಬಾಂಡ್ ಬರೆಸಿಕೊಂಡ ಮೇಲೂ ಮೂಲ ಪತ್ರಗಳನ್ನು ಕೇಳುವವರ ಲೆಕ್ಕಾಚಾರ ಇದೇ.

ನನ್ನ ತಮ್ಮ ಇಂಥದೇ ಮಾತಿಗೆ ಮರುಳಾಗಿ ತನ್ನ ಪತ್ರಗಳನ್ನು ಅಂಧೇರಿಯ ಕಚೇರಿಯೊಂದಕ್ಕೆ ಕೊಟ್ಟಿದ್ದ. ಒಂದು ಬೆಳಿಗ್ಗೆ ಆ ಕಚೇರಿಗೆ ಬೀಗ ಬಿದ್ದಿತ್ತು. ಮೂರು ತಿಂಗಳ ಸಂಬಳ ಹೋದುದಕ್ಕೆ ಅವನು ಅಳಲಿಲ್ಲ. ಅದೇ ತಿಂಗಳು ಬ್ಯಾಂಕಿನ ನೇಮಕಾತಿಗೆ ಕರೆ ಬಂದು, ತೋರಿಸಲು ಪದವಿಯ ಕಾಗದವಿಲ್ಲದೆ ಹಿಂದಿರುಗಿದ ದಿನ ಅತ್ತ. ಈ ಅಂಕಣದ ಹಳೆಯ ಓದುಗರಿಗೆ ಈ ಕಥೆ ಗೊತ್ತು. ಮತ್ತೆ ಹೇಳಿದೆನೆಂದು ಬೇಸರಿಸುವವರು ಬೇಸರಿಸಲಿ.

ಇನ್ನು ನಿಮ್ಮ ಅಪ್ಪಯ್ಯನ ವಿಚಾರ. ಕುಂದಾಪುರದ ಕಡೆಯಿಂದ ಹದಿಮೂರನೆಯ ವಯಸ್ಸಿಗೆ ಮುಂಬೈಗೆ ಬಂದು, ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಎಸ್‌ಎಸ್‌ಸಿ ಪಾಸು ಮಾಡಿದರೆಂದು ನೀವು ಒಂದು ಸಾಲಿನಲ್ಲಿ ಬರೆದಿದ್ದೀರಿ. ಆ ಕಾಲದ ಹೋಟೆಲ್ ಹುಡುಗರ ಬದುಕನ್ನು ಹತ್ತಿರದಿಂದ ಕಂಡವಳು ನಾನು. ಸಂಬಳ ಅನೇಕರ ಕೈಗೆ ಬರುತ್ತಲೇ ಇರಲಿಲ್ಲ. ಅದು ಮಾಲಕರ ಗಲ್ಲಾದಲ್ಲಿ ‘ಊರಿಗೆ ಹೋಗುವಾಗ ಕೊಡುತ್ತೇನೆ’ ಎಂಬ ಮಾತಿನ ಮೇಲೆ ಕೂತಿರುತ್ತಿತ್ತು. ಕೆಲವು ಮಾಲಕರು ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಿದರು. ಹುಡುಗರನ್ನು ಶಾಲೆಗೆ ಕಳಿಸಿದವರೂ ಅವರಲ್ಲಿದ್ದರು. ಇನ್ನು ಕೆಲವರಿಗೆ ಹುಡುಗ ಊರಿಗೆ ಹೊರಡುವ ದಿನ ಹಳೆಯ ಒಡೆದ ಲೋಟಗಳೆಲ್ಲ ನೆನಪಾಗುತ್ತಿದ್ದವು. ತನ್ನ ದುಡಿಮೆ ಇನ್ನೊಬ್ಬರ ಪೆಟ್ಟಿಗೆಯಲ್ಲಿದ್ದರೆ ಬಾಯಿ ಹೇಗೆ ಕಟ್ಟುತ್ತದೆ ಎಂಬುದನ್ನು ನಿಮ್ಮ ಅಪ್ಪಯ್ಯನಿಗೆ ಯಾರೂ ವಿವರಿಸಬೇಕಾಗಿಲ್ಲ. ಹಗಲೆಲ್ಲ ಎಂಜಲು ತಟ್ಟೆ ಎತ್ತಿ, ಹೋಟೆಲು ಮುಚ್ಚುವ ಮೊದಲು ಎರಡು ಗಂಟೆ ಬೇಡಿಕೊಂಡು, ಬೆಂಚಿನ ಮೇಲೆ ತೂಕಡಿಸುತ್ತ ಗಳಿಸಿದ ಆ ಎಸ್‌ಎಸ್‌ಸಿ ಕಾಗದ ನಿಮ್ಮ ಮನೆಯ ಗೋದ್ರೆಜ್ ಕಪಾಟಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇದೆಯಲ್ಲವೇ? ನೀವು ಬರೆದಿಲ್ಲ, ಆದರೆ ಇರುತ್ತದೆಂದು ಪಣ ಕಟ್ಟುತ್ತೇನೆ. ಅಂಥವರಿಗೆ ಈ ಷರತ್ತನ್ನು ಹೇಳದೆ ಬಚ್ಚಿಟ್ಟಿದ್ದೀರಿ. ಹೇಳಿದರೆ ಅವರು ಏನೆನ್ನುತ್ತಾರೆಂದು ನಿಮಗೆ ಗೊತ್ತಿತ್ತು. ಒಂಬತ್ತು ತಿಂಗಳು ಕಾದು ಸಿಕ್ಕ ಕೆಲಸ ಜಾರಿಹೋದೀತೆಂಬ ಹೆದರಿಕೆ ನಿಮಗಿತ್ತು. ಆ ಹೆದರಿಕೆಯನ್ನು ನಾನು ತಪ್ಪೆನ್ನಲಾರೆ.

ತಪ್ಪು ಚಿಕ್ಕಪ್ಪನವರದು. ಕೆಲಸ ಕೊಡಿಸಿದ ಉಪಕಾರವನ್ನು ಒಪ್ಪುತ್ತೇನೆ. ಆದರೆ ನಿಮ್ಮ ಪತ್ರದ ಪ್ರಕಾರ ಅವರು ಪುಣೆಯಲ್ಲಿ ಇಪ್ಪತ್ತು ವರ್ಷದಿಂದ ನೌಕರಿಯಲ್ಲಿದ್ದಾರೆ. ತಮ್ಮ ಮೂಲ ಪತ್ರಗಳನ್ನು ಅವರು ಯಾವ ಕಂಪನಿಗೆ ಎರಡು ವರ್ಷ ಒಪ್ಪಿಸಿದ್ದರು ಎಂದು ಕೇಳಿ ನೋಡಿರಿ. ಪರಿಚಯದವರ ಮುಂದೆ ತಮ್ಮ ಮಾತು ಕೆಳಗಾಗಬಾರದು ಎಂಬುದಕ್ಕಾಗಿ ಅಣ್ಣನ ಮಗಳ ಪತ್ರಗಳನ್ನು ಅಡವಿಡಲು ಒಪ್ಪಿದವರನ್ನು ಹಿತೈಷಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನಮ್ಮವರು ಎಂಬ ಒಂದೇ ಕಾರಣಕ್ಕೆ ಲಿಖಿತವಾಗಿ ಏನನ್ನೂ ಕೇಳದಿರುವ ನಮ್ಮ ಜನರ ಅಭ್ಯಾಸದ ವಿರುದ್ಧ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ವಾಸ್ತವ್ಯದ ಪ್ರಶ್ನೆ ಎರಡು ಮಾತಿನದು. ಹಡಪ್ಸರ ಪುಣೆಯ ಪೂರ್ವದಲ್ಲಿದೆ, ಹಿಂಜೆವಾಡಿ ಪಶ್ಚಿಮದಲ್ಲಿದೆ. ಇಡೀ ನಗರವನ್ನು ದಿನಕ್ಕೆರಡು ಬಾರಿ ದಾಟುವುದು ಚಿಕ್ಕಮ್ಮ ಎಷ್ಟೇ ಒಳ್ಳೆಯವರಾದರೂ ಆಗುವ ಮಾತಲ್ಲ. ಅಮ್ಮ ಹೆಸರಿಸಿರುವ ಡೆಕ್ಕನ್ ಕ್ವೀನ್ 1930ರಲ್ಲಿ ಶುರುವಾದ, ಬೆಳಿಗ್ಗೆ ಪುಣೆಯವರನ್ನು ಮುಂಬೈಗೆ ತಂದು ಸಂಜೆ ಹಿಂದಕ್ಕೆ ಒಯ್ಯುವ ಗಾಡಿ. ನಿಮಗೆ ಬೇಕಾದದ್ದು ಇದರ ತಿರುವುಮುರುವು. ಪಿಜಿಗೇ ಹೋಗಿರಿ, ಡಿಪಾಸಿಟ್ಟಿಗೆ ರಸೀದಿ ಪಡೆಯಿರಿ. ತಿಂಗಳಿಗೆ 25,000 ರೂಪಾಯಿವರೆಗೆ ಸಂಬಳವಿರುವ ಮಹಿಳೆಯರಿಗೆ ಮಹಾರಾಷ್ಟ್ರದಲ್ಲಿ ವೃತ್ತಿ ತೆರಿಗೆ ಇಲ್ಲ. ಭವಿಷ್ಯನಿಧಿ ಕಳೆದು ಉಳಿದ ಹಣದಲ್ಲಿ ಪಿಜಿ ಬಾಡಿಗೆ ಕಟ್ಟಿ ಬದುಕಬಹುದು, ಕಷ್ಟಪಟ್ಟು. ಅಪ್ಪಯ್ಯನಿಗೆ ಇದರಿಂದ ಬೇಸರವಾಗದು.

ನೀವು ಮಾಡಬೇಕಾದ ಕೆಲಸ ಒಂದೇ. ಇಂದು ರಾತ್ರಿ ಊಟವಾದ ಮೇಲೆ ಆ ಮೂರು ವಾಕ್ಯಗಳನ್ನು ಅಪ್ಪಯ್ಯನಿಗೆ ಓದಿ ಹೇಳಿರಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಂಪನಿಗೆ ಇಮೇಲ್ ಬರೆಯಿರಿ: ‘ಮೂಲ ಪತ್ರಗಳನ್ನು ಸೇರುವ ದಿನ ಪರಿಶೀಲನೆಗೆ ತರುತ್ತೇನೆ, ಪರಿಶೀಲನೆಯಾದೊಡನೆ ಹಿಂದಕ್ಕೆ ಪಡೆಯುತ್ತೇನೆ, ದೃಢೀಕರಿಸಿದ ನಕಲುಗಳನ್ನು ನಿಮ್ಮಲ್ಲಿ ಬಿಡುತ್ತೇನೆ. ಬಾಂಡಿನ ಕರಡನ್ನೂ ನೇಮಕಾತಿ ಪತ್ರವನ್ನೂ ಮುಂಚಿತವಾಗಿ ಕಳಿಸಿರಿ.’ ನೇಮಕಾತಿ ಪತ್ರ ಅವರು ಮಾಡುವ ಉಪಕಾರವಲ್ಲ, 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳು ಅದನ್ನು ಕಡ್ಡಾಯಗೊಳಿಸಿವೆ. ಪರಿಶೀಲನೆಯೇ ಅವರ ಉದ್ದೇಶವಾಗಿದ್ದರೆ ನಿಮ್ಮ ಇಮೇಲಿಗೆ ಒಪ್ಪಿಗೆ ಬರುತ್ತದೆ. ಒಪ್ಪಿಗೆ ಬರದಿದ್ದರೆ ಪುಣೆಗೆ ಹೊರಡಬೇಡಿರಿ, ಹತ್ತನೆಯ ತಿಂಗಳೂ ಹುಡುಕಿರಿ.

ಚಿಕ್ಕಪ್ಪನವರಿಗೆ ಕಂಪನಿಯ ಉತ್ತರ ಬಂದ ಮೇಲೆ ತಿಳಿಸಿದರೆ ಸಾಕು, ಅದನ್ನೂ ನಿಮ್ಮ ಅಪ್ಪಯ್ಯನೇ ತಿಳಿಸಲಿ.