ಸೋಶಿಯಲ್ ನೆಟ್‌ವರ್ಕ್ ಕೊಡುವ ಇಮೇಲ್ ತಗೊಳ್ಳಬೇಕಾ?

ಪ್ರಶ್ನೆ: ನಾನು ದಿನಾ ಬಳಸುವ ಒಂದು ಸೋಶಿಯಲ್ ನೆಟ್‌ವರ್ಕ್ ಈಗ ತನ್ನದೇ ಇಮೇಲ್ ವಿಳಾಸ ಕೊಡುತ್ತಿದೆ. ಉಚಿತವಂತೆ, ಚಾಟ್, ಇಮೇಲ್ ಎರಡೂ ಒಂದೇ ಕಡೆ ಸಿಗುತ್ತವಂತೆ. ನನಗೆ ಯಾಕೋ ಮನಸ್ಸಿಲ್ಲ. ಗೆಳೆಯರು ಮಾತ್ರ "ನಿನ್ನ ಫೋಟೋ, ಹುಟ್ಟಿದ ದಿನ ಎಲ್ಲಾ ಹೇಗೂ ಅವರ ಹತ್ತಿರ ಇದೆ, ಇನ್ನೇನು ಭಯ?" ಅಂತಾರೆ. ನಾನು ಸುಮ್ನೆ ಹೆದರುತ್ತಿದ್ದೀನಾ?

ಉತ್ತರ: ಖಂಡಿತ ಸುಮ್ನೆ ಅಲ್ಲ. ನಿಮಗೆ ಅನ್ನಿಸಿದ್ದೇ ಕೋಟ್ಯಂತರ ಜನರಿಗೂ ಅನ್ನಿಸಿತ್ತು.

2010ರ ನವೆಂಬರ್ 15ರಂದು ಫೇಸ್‌ಬುಕ್ ಇದನ್ನೇ ಮಾಡಲು ಹೊರಟಿತು. ಆಗಲೇ ಅದಕ್ಕೆ 50 ಕೋಟಿಗಿಂತ ಜಾಸ್ತಿ ಬಳಕೆದಾರರಿದ್ದರು. ಬೇಕು ಅಂದವರಿಗೆಲ್ಲ ಫೇಸ್‌ಬುಕ್ ಡಾಟ್ ಕಾಮ್ ಅಂತ ಕೊನೆಯಾಗುವ ವಿಳಾಸ, ಚಾಟ್, ಎಸ್‌ಎಂಎಸ್, ಇಮೇಲ್ ಎಲ್ಲಾ ಸೇರಿ ಒಂದೇ ಮಾತುಕತೆಯ ಹಾಗೆ ಕಾಣುವ ವ್ಯವಸ್ಥೆ. ಇದು ಜಿಮೇಲ್ ಕಥೆ ಮುಗಿಸುತ್ತದೆ ಅಂತ ಸುದ್ದಿ ಹಬ್ಬಿತ್ತು, ಇದು ಇಮೇಲನ್ನು ಕೊಲ್ಲುವಂಥದ್ದಲ್ಲ ಅಂತ ಫೇಸ್‌ಬುಕ್ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಅವರೇ ಹೇಳಬೇಕಾಯಿತು. ಕೊನೆಗೆ ಏನಾಯಿತು? 2014ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಿದರು. ಹೆಚ್ಚಿನವರು ಅದನ್ನು ಬಳಸುತ್ತಲೇ ಇಲ್ಲ ಅಂತ ಕಂಪನಿಯೇ ಒಪ್ಪಿಕೊಂಡಿತು.

ಯಾಕೆ ಬಳಸಲಿಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡಬೇಕು, ಯಾಕಂದ್ರೆ ನಿಮ್ಮ ಹಿಂಜರಿಕೆಗೆ ಉತ್ತರ ಅಲ್ಲೇ ಇದೆ. ಆ ಸಂದೇಶಗಳಲ್ಲಿ ವಿಷಯ ಬರೆಯುವ ಸಾಲು ಇರಲಿಲ್ಲ, ಇನ್ನೊಬ್ಬರಿಗೂ ಪ್ರತಿ ಕಳಿಸುವ ಸಿಸಿ, ಉಳಿದವರಿಗೆ ಕಾಣದ ಹಾಗೆ ಪ್ರತಿ ಕಳಿಸುವ ಬಿಸಿಸಿ ಇರಲಿಲ್ಲ. ಹರಟೆಗೆ ಅವು ಬೇಡ ನಿಜ. ಆದರೆ ಕೆಲಸಕ್ಕೆ ಅರ್ಜಿ ಹಾಕುವವರಿಗೆ, ಬಿಲ್ಲಿನ ಬಗ್ಗೆ ದೂರು ಬರೆಯುವವರಿಗೆ ಬೇಕಾಗಿದ್ದೇ ಅವು. ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ. ಗೆಳೆಯರು ಮತ್ತು ಅವರ ಗೆಳೆಯರಿಂದ ಬಂದದ್ದು ಮಾತ್ರ ಮುಖ್ಯ ಇನ್‌ಬಾಕ್ಸಿಗೆ ಬರುತ್ತಿತ್ತು, ಉಳಿದದ್ದೆಲ್ಲ "ಅದರ್" ಅನ್ನೋ ಫೋಲ್ಡರಿಗೆ ಹೋಗುತ್ತಿತ್ತು. ಸ್ವಲ್ಪ ಯೋಚಿಸಿ, ನಮ್ಮ ಬದುಕಿನ ಮುಖ್ಯ ಪತ್ರಗಳನ್ನು ಬರೆಯುವವರು ಯಾರು? ಬ್ಯಾಂಕು, ಆಸ್ಪತ್ರೆ, ಮಕ್ಕಳ ಶಾಲೆ, ಇಂಟರ್‌ವ್ಯೂಗೆ ಕರೆಯುವ ಕಂಪನಿ. ಇವರಲ್ಲಿ ಯಾರೂ ನಮ್ಮ ಫ್ರೆಂಡ್ಸ್ ಲಿಸ್ಟಿನಲ್ಲಿ ಇರುವುದಿಲ್ಲ ಅಲ್ವಾ?

ಆಮೇಲೆ 2012ರ ಜೂನ್‌ನಲ್ಲಿ ಜನರ ಪ್ರೊಫೈಲಿನಲ್ಲಿ ಕಾಣುತ್ತಿದ್ದ ಅವರ ಹಳೆಯ ವಿಳಾಸವನ್ನು ಮರೆಮಾಡಿ, ಅಲ್ಲಿ ಫೇಸ್‌ಬುಕ್ ವಿಳಾಸ ಕಾಣಿಸುವ ಹಾಗೆ ಮಾಡಿದರು. ಯಾರನ್ನೂ ಸರಿಯಾಗಿ ಕೇಳಲಿಲ್ಲ. ಕೆಲವರ ಫೋನಿನಲ್ಲಿ ಕಾಂಟ್ಯಾಕ್ಟ್‌ಗಳ ವಿಳಾಸಗಳೂ ತಾನಾಗಿ ಬದಲಾದವು, ಹಾಗಾಗಿ ಕಳಿಸಿದ ಮೇಲ್ ಎಲ್ಲಿಗೋ ಹೋಯಿತು. ಅದು ತಾಂತ್ರಿಕ ದೋಷ ಅಂತ ಕಂಪನಿ ಹೇಳಿತು, ಸರಿ. ಆದರೆ ನಮ್ಮ ಮನೆಯ ವಿಳಾಸದ ಫಲಕವನ್ನು ಬೇರೆಯವರು ಬಂದು ಬದಲಾಯಿಸಿದರೆ ಆಮೇಲೆ ನಂಬಿಕೆ ಉಳಿಯುವುದು ಕಷ್ಟ.

ಇನ್ನು ನಿಮ್ಮ ಗೆಳೆಯರ ಮಾತು. ಫೋಟೋ ಬೇರೆ, ಇಮೇಲ್ ಬೇರೆ. ಹೆಚ್ಚಿನ ಅಕೌಂಟುಗಳ ಪಾಸ್‌ವರ್ಡ್ ಮರೆತರೆ ಹೊಸದು ಮಾಡಿಕೊಳ್ಳುವ ಲಿಂಕ್ ಬರುವುದು ಇಮೇಲಿಗೆ, ಅಂದರೆ ಮನೆಯ ಎಲ್ಲಾ ಬೀಗದ ಕೈಗಳೂ ತೂಗುಹಾಕಿರುವ ಮೊಳೆ ಅದು. ನಾಳೆ ನೀವು ಹಾಕಿದ ಯಾವುದೋ ಪೋಸ್ಟಿನ ಮೇಲೆ ಯಾರೋ ನಾಲ್ಕು ಜನ ರಿಪೋರ್ಟ್ ಮಾಡಿ ಅಕೌಂಟ್ ಬಂದ್ ಆಯಿತು ಅಂದುಕೊಳ್ಳಿ. ಇಮೇಲೂ ಅದೇ ಅಕೌಂಟಿನಲ್ಲಿ ಇದ್ದರೆ ಹರಟೆಯ ಜೊತೆಗೆ ಬ್ಯಾಂಕಿನ ಪತ್ರವೂ ಹೋಯಿತು. ತಗೊಳ್ಳಬೇಡಿ ಅಂತಲೇ ನಾನು ಹೇಳುತ್ತೇನೆ.

ಪ್ರಶ್ನೆ: ಗೂಗಲ್ ಮಾತ್ರ ಸಾಚಾನಾ? ಅವರೂ ನಮ್ಮ ಮೇಲ್ ಓದಿ ಜಾಹೀರಾತು ತೋರಿಸಿದವರೇ. ಸೋಶಿಯಲ್ ನೆಟ್‌ವರ್ಕ್ ಮೇಲೆ ಮಾತ್ರ ಯಾಕೆ ಸಿಟ್ಟು?

ಉತ್ತರ: ನ್ಯಾಯವಾದ ಪ್ರಶ್ನೆ. 2004ರ ಏಪ್ರಿಲ್ 1ರಂದು ಜಿಮೇಲ್ ಬಂದಾಗಿನಿಂದಲೂ ಮೇಲ್‌ನ ಪದಗಳನ್ನು ಯಂತ್ರದಿಂದ ಜಾಲಾಡಿ ಜಾಹೀರಾತು ತೋರಿಸುತ್ತಿದ್ದರು. ಅದನ್ನು ಬಿಡುತ್ತೇವೆ ಅಂತ ಹೇಳಿದ್ದು 2017ರ ಜೂನ್‌ನಲ್ಲಿ. ಹದಿಮೂರು ವರ್ಷ!

ಆದರೆ ಅದೇ ಗೂಗಲ್ ಇಮೇಲ್ ಒಳಗೆ ಸೋಶಿಯಲ್ ನೆಟ್‌ವರ್ಕ್ ತುರುಕಲು ಹೋದಾಗ ಏನಾಯಿತು ನೋಡಿ. 2010ರ ಫೆಬ್ರವರಿಯಲ್ಲಿ ಜಿಮೇಲ್ ಒಳಗೇ ಗೂಗಲ್ ಬಝ್ ಅನ್ನೋ ಸೋಶಿಯಲ್ ನೆಟ್‌ವರ್ಕ್ ಬಂತು. ನೀವು ಯಾರ ಜೊತೆ ಜಾಸ್ತಿ ಮೇಲ್, ಚಾಟ್ ಮಾಡುತ್ತೀರೋ ಅವರನ್ನೇ ಹಿಂಬಾಲಿಸುವ ಪಟ್ಟಿಯನ್ನು ಅದು ತಾನಾಗಿ ಮಾಡಿತು, ನೀವು ಬೇಡ ಅನ್ನದಿದ್ದರೆ ಆ ಪಟ್ಟಿ ಎಲ್ಲರಿಗೂ ಕಾಣುವಂತಿತ್ತು. ವಕೀಲರ ಜೊತೆ ಗುಟ್ಟಾಗಿ ಮಾತಾಡುತ್ತಿರುವವರು, ಕೆಲಸ ಬದಲಾಯಿಸಲು ಇನ್ನೊಂದು ಕಂಪನಿಗೆ ಬರೆಯುತ್ತಿರುವವರು, ಮನೋವೈದ್ಯರ ಹತ್ತಿರ ಹೋಗುತ್ತಿರುವವರು, ಇವರೆಲ್ಲರ ಪಾಡು ಏನು? ಜನ ಎಷ್ಟು ಸಿಟ್ಟಾದರು ಅಂದರೆ ಕೆಲವೇ ದಿನದಲ್ಲಿ ಬದಲಾಯಿಸಬೇಕಾಯಿತು. 2011ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಆದ ಒಪ್ಪಂದದಲ್ಲಿ, ಗೂಗಲ್ 20 ವರ್ಷ ಹೊರಗಿನವರಿಂದ ಖಾಸಗಿತನದ ತಪಾಸಣೆ ಮಾಡಿಸಿಕೊಳ್ಳಬೇಕು ಅಂತಾಯಿತು. ಅದೇ ವರ್ಷ ಬಝ್ ಕೂಡ ಮುಚ್ಚಿತು.

ಹಾಗಾಗಿ ಕಂಪನಿಯ ಹೆಸರು ನೋಡಿ ನಾನು ಹೇಳುತ್ತಿಲ್ಲ. ಇಮೇಲ್ ಅಂದರೆ ಇಬ್ಬರ ನಡುವಿನ ಮಾತು, ಸೋಶಿಯಲ್ ನೆಟ್‌ವರ್ಕ್ ನಡೆಯುವುದೇ ಯಾರು ಯಾರಿಗೆ ಗೊತ್ತು ಅನ್ನೋದನ್ನ ತೋರಿಸಿಕೊಂಡು. ಎರಡನ್ನೂ ಬೆರೆಸಿದಾಗ ಸೋರುವುದು ಯಾವಾಗಲೂ ಖಾಸಗಿ ಕಡೆಯಿಂದಲೇ.

ಪ್ರಶ್ನೆ: ನಾನು ಆಗಲೇ ಅಂಥ ವಿಳಾಸ ತಗೊಂಡು ಬ್ಯಾಂಕಿಗೂ ಕೊಟ್ಟುಬಿಟ್ಟಿದ್ದೇನೆ. ಈಗೇನು ಮಾಡಲಿ?

ಉತ್ತರ: ಗಾಬರಿ ಬೇಡ, ಆದರೆ ಮುಂದೂಡಬೇಡಿ. ಮೊದಲು ಬೇರೆ ಕಡೆ ಒಂದು ಇಮೇಲ್ ಮಾಡಿಕೊಳ್ಳಿ, ಬೇರೆ ಪಾಸ್‌ವರ್ಡ್, ಎರಡು ಹಂತದ ಲಾಗಿನ್ (ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಕೋಡ್‌ನಂಥದ್ದನ್ನೂ ಕೇಳುವುದು) ಎರಡೂ ಇರಲಿ. ದುಡ್ಡಿನ ವ್ಯವಹಾರ ಇರುವ ಕಡೆಗಳಲ್ಲಿ ಇವತ್ತೇ ವಿಳಾಸ ಬದಲಾಯಿಸಿ. ಉಳಿದದ್ದು ಎಲ್ಲೆಲ್ಲಿ ಕೊಟ್ಟಿದ್ದೀರಿ ಅಂತ ನೆನಪಾಗದಿದ್ದರೆ ಹಳೆಯ ಇನ್‌ಬಾಕ್ಸಿನಲ್ಲಿ "ಪಾಸ್‌ವರ್ಡ್", "ವೆಲ್‌ಕಮ್", "ವೆರಿಫೈ" ಅನ್ನೋ ಪದಗಳನ್ನು ಇಂಗ್ಲಿಷಿನಲ್ಲಿ ಹುಡುಕಿ, ಮುಕ್ಕಾಲು ಪಾಲು ಸಿಗುತ್ತವೆ. ಬೇಕಾದ ಪತ್ರಗಳನ್ನು ಇಳಿಸಿಕೊಳ್ಳಿ. ಫಾರ್ವರ್ಡ್ ಮಾಡುವ ಸೌಲಭ್ಯ ಇದ್ದರೆ ಹಾಕಿಡಿ. ಹಳೆಯದನ್ನು ಒಂದು ವರ್ಷವಾದರೂ ಮುಚ್ಚಬೇಡಿ, ವರ್ಷಕ್ಕೊಮ್ಮೆ ಮಾತ್ರ ಬರುವ ವಿಮೆಯ ನೋಟಿಸಿನಂಥದ್ದು ಇನ್ನೂ ಅಲ್ಲಿಗೇ ಬರುತ್ತಿರಬಹುದು.