ಮಕ್ಕಳ ಗ್ರಾಮಸಭೆಯಲ್ಲಿ ಬಸ್ ಕೇಳಬಹುದಾ?

ಹೈಸ್ಕೂಲ್ ಬಿಡುವ ಹೊತ್ತಿಗೆ ಬಸ್ಸಿಲ್ಲ, ಮಕ್ಕಳ ಗ್ರಾಮಸಭೆಯಲ್ಲಿ ಕೇಳಿದರೆ ಆಗುತ್ತಾ ಅಂದಿದ್ದೀರಿ. ಖಂಡಿತ ಕೇಳಿ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯ್ತಿ ಆ ಸಭೆ ಸೇರಿಸುವುದೇ 18 ದಾಟದವರ ಮಾತು ಕೇಳಲು. ಸುಮ್ನೆ ಭಾಷಣ ಮಾಡಿ ಬಿಸ್ಕತ್ತು ಹಂಚಲು ಅಲ್ಲ (ಕೆಲವು ಕಡೆ ಆಗುವುದು ಅಷ್ಟೇ ಬಿಡಿ).

ಆದರೆ ಬಸ್ಸು ಪಂಚಾಯ್ತಿ ಕೈಲಿಲ್ಲ, ಸಾರಿಗೆ ಸಂಸ್ಥೆಯದು. ಅದಕ್ಕೇ "ಬಸ್ ಬಿಡಿ" ಅನ್ನಬೇಡಿ, "ನಿರ್ಣಯ ಮಾಡಿ ಡಿಪೋ ಮ್ಯಾನೇಜರ್‌ಗೆ ಪತ್ರ ಬರೆಯಿರಿ" ಅನ್ನಿ. ಯಾವ ಊರಿನ ಎಷ್ಟು ಮಕ್ಕಳು, ಶಾಲೆ ಬಿಡುವುದು ಎಷ್ಟು ಗಂಟೆಗೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕೊಡಿ. ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸಭೆಯ ತೀರ್ಮಾನ ದಾಖಲಿಸುವ ನಡಾವಳಿ ಪುಸ್ತಕದಲ್ಲಿ ಬರೆದರಾ ನೋಡಿ, ಬಾಯಿಮಾತು ಯಾರಿಗೂ ನೆನಪಿರಲ್ಲ.

ಬೀದಿದೀಪ, ಕುಡಿಯುವ ನೀರು ಪಂಚಾಯ್ತಿಯದ್ದೇ ಕೆಲಸ. ಅದನ್ನು ನೇರವಾಗಿ ಕೇಳಿ. ಹೋದ ವರ್ಷದ ಬೇಡಿಕೆಗಳು ಏನಾದವು ಅಂತ ಮೊದಲೇ ಓದಿಸಿ.