ಓದುಗರ ಪ್ರಶ್ನೆ: ಬೀಸುವ ಕೆಲಸ ಯಂತ್ರದ ಪಾಲಾದ ಮೇಲೆ

ಪ್ರಶ್ನೆ: ಚಕ್ರ, ಅಚ್ಚುಯಂತ್ರ, ಉಗಿಯಂತ್ರ, ಕಂಪ್ಯೂಟರ್ ಮನುಷ್ಯನ ಬದುಕನ್ನು ಬದಲಿಸಿದವು ಎಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಮನೆಯೊಳಗೆ ದುಡಿಯುತ್ತಿದ್ದ ಹೆಂಗಸರ ಬದುಕನ್ನು ಹೆಚ್ಚಾಗಿ ಬದಲಿಸಿದ ತಂತ್ರಜ್ಞಾನ ಯಾವುದು? ಮನೆಯಲ್ಲೇ ರಾಗಿ ಬೀಸುತ್ತಿದ್ದ ಕಾಲದಲ್ಲಿ ಹೆಂಗಸರಿಗೆ ಮಂಡಿನೋವು, ಸೊಂಟನೋವು ಇರಲಿಲ್ಲ ಎಂದು ಹಿರಿಯರು ಹೇಳುವುದು ನಿಜವೇ?
— ಓದುಗರೊಬ್ಬರು, ಶಿರಾ

ಉತ್ತರ: ನನ್ನ ಎಣಿಕೆಯಲ್ಲಿ ಆ ಸ್ಥಾನ ಹಿಟ್ಟಿನ ಗಿರಣಿಗೆ ಸಲ್ಲಬೇಕು. ಮನುಷ್ಯ ಧಾನ್ಯವನ್ನೇ ನೆಚ್ಚಿಕೊಂಡು ಬದುಕತೊಡಗಿದಂದಿನಿಂದ ಕಾಳನ್ನು ಹಿಟ್ಟು ಮಾಡುವ ದುಡಿಮೆ ಅವನ ಜೊತೆಗೇ ಬಂತು. ಬಹುಪಾಲು ನಾಡುಗಳಲ್ಲಿ ಅದು ಹೆಂಗಸರ ಪಾಲಿಗೆ ಬಂತು. ಹಿಟ್ಟು ಬಹಳ ದಿನ ಇಟ್ಟರೆ ಮುಗ್ಗುವುದರಿಂದ ಒಮ್ಮೆ ಬೀಸಿ ತಿಂಗಳುಗಟ್ಟಲೆ ನಿಶ್ಚಿಂತರಾಗಿರುವಂತಿರಲಿಲ್ಲ. ನಸುಕಿನಲ್ಲಿ ಎದ್ದು ಬೀಸಿದರೆ ಮಾತ್ರ ಆ ಹೊತ್ತಿನ ಮುದ್ದೆಗೋ ರೊಟ್ಟಿಗೋ ಹಿಟ್ಟು ಒದಗುತ್ತಿತ್ತು.

ಹಿರಿಯರ ಮಾತನ್ನು ನಾನು ಒಪ್ಪಲಾರೆ, ಏಕೆಂದರೆ ಎಲುಬುಗಳು ಬೇರೆ ಸಾಕ್ಷಿ ಹೇಳುತ್ತವೆ. ಸಿರಿಯಾದಲ್ಲಿ ಯೂಫ್ರಟಿಸ್ ನದಿಯ ದಡದಲ್ಲಿ ಅಬು ಹುರೇರಾ ಎಂಬ ನವಶಿಲಾಯುಗದ ಊರೊಂದಿತ್ತು. ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮುನ್ನ, 1972–73ರಲ್ಲಿ, ಅಲ್ಲಿ ಉತ್ಖನನ ನಡೆಯಿತು. ದೊರೆತ ಅಸ್ಥಿಗಳನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಥಿಯಾ ಮೋಲಿಸನ್ ಪರೀಕ್ಷಿಸಿದಾಗ, ಮುಖ್ಯವಾಗಿ ಹೆಂಗಸರಲ್ಲಿ, ಕಾಲಿನ ಹೆಬ್ಬೆರಳಿನ ಕೀಲು ಸವೆದು ಕೆಟ್ಟಿರುವುದು, ಮಂಡಿ ಮತ್ತು ಕೆಳಬೆನ್ನಿನ ಎಲುಬುಗಳು ಒತ್ತಡಕ್ಕೆ ಸಿಕ್ಕಿರುವುದು ಕಂಡುಬಂತು. ಆಗಿನ್ನೂ ತಿರುಗುವ ಕಲ್ಲು ಇರಲಿಲ್ಲ. ಹಾಸುಗಲ್ಲಿನ ಮುಂದೆ ಮಂಡಿಯೂರಿ, ಹೆಬ್ಬೆರಳುಗಳನ್ನು ನೆಲಕ್ಕೆ ಒತ್ತಿ ಹಿಡಿದು, ಕೈಗಲ್ಲನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತ ಗಂಟೆಗಟ್ಟಲೆ ಕೂರುವ ಭಂಗಿಯೇ ಇದಕ್ಕೆ ಕಾರಣವೆಂದು ಅವರು ತೀರ್ಮಾನಿಸಿದರು. ಇನ್ನೊಂದು ಸಾಕ್ಷಿ ಮಧ್ಯ ಯುರೋಪಿನದು. ಅಲ್ಲಿನ ನವಶಿಲಾಯುಗದ ಹೆಂಗಸರ ತೋಳಿನ ಎಲುಬುಗಳು, ದೇಹದ ಗಾತ್ರಕ್ಕೆ ಹೋಲಿಸಿದರೆ, ಇಂದಿನ ದೋಣಿ ಸ್ಪರ್ಧೆಯ ಮಹಿಳಾ ಕ್ರೀಡಾಪಟುಗಳ ಎಲುಬುಗಳಿಗಿಂತ ಶೇ. 11ರಿಂದ 16ರಷ್ಟು ಗಟ್ಟಿಯಾಗಿದ್ದವು ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಅಂಥ ತೋಳು ಬರಲು ಕಾರಣವಾದ ಕೆಲಸಗಳಲ್ಲಿ ಕೈಯಿಂದ ಧಾನ್ಯ ಅರೆಯುವುದೂ ಒಂದು ಎಂಬುದು ಅವರ ಊಹೆ.

ನಮ್ಮ ಮನೆಗಳ ಬೀಸುವ ಕಲ್ಲು ಇದಕ್ಕಿಂತ ಎಷ್ಟೋ ಸುಧಾರಿಸಿದ ಸಾಧನ ಎಂಬುದನ್ನು ಹೇಳಲೇಬೇಕು. ಒಂದರ ಮೇಲೊಂದು ಕೂರುವ ದುಂಡನೆಯ ಕಲ್ಲುಗಳು ಕ್ರಿ.ಪೂ. 5ನೆಯ ಶತಮಾನದ ಸುಮಾರಿಗೆ ಸ್ಪೇನಿನ ಪೂರ್ವಭಾಗದಲ್ಲಿ ಬಳಕೆಯಲ್ಲಿದ್ದವು. ಗೂಟ ಹಿಡಿದು ತಿರುಗಿಸುವ ಈ ಕ್ರಮದಲ್ಲಿ ಮಂಡಿಯೂರುವ ಅಗತ್ಯವಿಲ್ಲ, ಇಬ್ಬರು ಎದುರುಬದುರು ಕುಳಿತು ಭಾರ ಹಂಚಿಕೊಳ್ಳಬಹುದು. ಆದರೂ ಬಸುರಿಯಾಗಲಿ, ಬಾಣಂತನ ಮುಗಿಸಿ ಬಂದವಳಾಗಲಿ, ಬೀಸುವುದರಿಂದ ಬಿಡುಗಡೆ ಇರಲಿಲ್ಲ. ಅವರ ನೋವು ಯಾರ ಲೆಕ್ಕಕ್ಕೂ ಬರದಿದ್ದುದರಿಂದ ನಮ್ಮ ನೆನಪಿನಲ್ಲಿ ಉಳಿಯಲಿಲ್ಲವೆಂದೇ ನಾನು ನಂಬುತ್ತೇನೆ.

ಪ್ರಶ್ನೆ: ನೀರಿನ ಬಲದಿಂದ ಬೀಸುವ ಯಂತ್ರ ಎರಡು ಸಾವಿರ ವರ್ಷಗಳ ಹಿಂದೆಯೇ ಇತ್ತೆಂದು ಓದಿದ್ದೇನೆ. ಹಾಗಿದ್ದರೂ ಜನ ಕೈಕಲ್ಲನ್ನು ಏಕೆ ಬಿಡಲಿಲ್ಲ? ಹೊಸದನ್ನು ಕಂಡರೆ ಹೆದರಿಕೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಹೆದರಿಕೆ ಎಂದರೆ ಆ ಜನರಿಗೆ ಅನ್ಯಾಯ ಮಾಡಿದಂತಾಗುತ್ತದೆ. ನೀರಿನ ಗಿರಣಿ ಬಂದಾಗ ಅದನ್ನು ಮನಸಾರೆ ಸ್ವಾಗತಿಸಿದವರಿದ್ದರು. ಥೆಸಲೋನಿಕದ ಆಂಟಿಪೇಟರ್ ಎಂಬ ಗ್ರೀಕ್ ಕವಿ, ಕೋಳಿ ಕೂಗಿದರೂ ಬೀಸುವ ಹೆಂಗಸರು ಇನ್ನು ನೆಮ್ಮದಿಯಾಗಿ ಮಲಗಿರಬಹುದು ಎಂಬ ಅರ್ಥದ ಕಿರುಗವಿತೆಯನ್ನೇ ಬರೆದಿದ್ದಾನೆ. ಇಂಗ್ಲೆಂಡಿನಲ್ಲಿ 1086ರಲ್ಲಿ ನಡೆದ ಅರಸನ ಗಣತಿಯಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗಿರಣಿಗಳ ಲೆಕ್ಕವಿದೆ.

ತೊಡಕು ಇದ್ದದ್ದು ಗಿರಣಿ ಯಾರದು ಎಂಬುದರಲ್ಲಿ. ಮಧ್ಯಯುಗದ ಯುರೋಪಿನಲ್ಲಿ ಗಿರಣಿ ಸಾಮಾನ್ಯವಾಗಿ ಭೂಮಾಲೀಕನದೋ ಮಠದ್ದೋ ಆಗಿರುತ್ತಿತ್ತು. ಒಕ್ಕಲುಗಳು ಅಲ್ಲಿಯೇ ಬೀಸಿಸಿ ಧಾನ್ಯದ ಒಂದು ಪಾಲನ್ನು ಕೂಲಿಯಾಗಿ ತೆರಬೇಕೆಂಬ ಕಟ್ಟಳೆಯಿತ್ತು. ಲಂಡನ್ನಿಗೆ ಹತ್ತಿರದ ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ ಇದು ದೊಡ್ಡ ವ್ಯಾಜ್ಯವಾಯಿತು. 1330ರ ಸುಮಾರಿಗೆ ಅಲ್ಲಿನ ಮಠಾಧಿಪತಿ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಊರಿನ ಮನೆಮನೆಯ ಕೈಕಲ್ಲುಗಳನ್ನು ಕಿತ್ತು ತರಿಸಿ, ಮಠದ ನೆಲಕ್ಕೆ ಹಾಸಿಸಿದ. ಇದೇ ರಿಚರ್ಡ್ ಗ್ರಹಗತಿ ತೋರಿಸುವ ಅದ್ಭುತ ಗಡಿಯಾರವನ್ನು ರೂಪಿಸಿದ ಗಣಿತಜ್ಞನೂ ಹೌದು. ಒಬ್ಬನೇ ವ್ಯಕ್ತಿಯಲ್ಲಿ ಅಷ್ಟು ದೊಡ್ಡ ಬುದ್ಧಿಯೂ ಅಷ್ಟು ಕಠಿಣವಾದ ಮನಸ್ಸೂ ಸೇರಿದ್ದುದನ್ನು ಓದುವಾಗ ನನಗೆ ಸಂಕಟವಾಗುತ್ತದೆ. ಸುಮಾರು ಅರ್ಧ ಶತಮಾನದ ನಂತರ, 1381ರ ರೈತರ ದಂಗೆಯಲ್ಲಿ ಜನ ಮಠಕ್ಕೆ ನುಗ್ಗಿ, ಆ ಕಲ್ಲುಗಳನ್ನು ಮೀಟಿ ತೆಗೆದು, ಒಡೆದು, ಚೂರುಗಳನ್ನು ಪ್ರಸಾದದಂತೆ ಹಂಚಿಕೊಂಡರು.

ವಿರೋಧ ಮನೆಯೊಳಗಿನಿಂದಲೂ ಬಂದದ್ದುಂಟು. ಮೆಕ್ಸಿಕೋದಲ್ಲಿ ನೆನೆಸಿ ಬೇಯಿಸಿದ ಮೆಕ್ಕೆಜೋಳವನ್ನು ಹೆಂಗಸರು ದಿನಕ್ಕೆ ಹಲವು ಗಂಟೆ ಹಾಸುಗಲ್ಲಿನ ಮೇಲೆ ಅರೆಯುತ್ತಿದ್ದರು. 1920ರ ದಶಕದಲ್ಲಿ ತೆಪೋಸ್ತ್ಲಾನ್ ಎಂಬ ಊರಿಗೆ ಗಿರಣಿ ಬಂದಾಗ, ರೊಟ್ಟಿಯ ರುಚಿ ಕೆಡುತ್ತದೆ, ಹೆಂಗಸರು ಕೈತಪ್ಪುತ್ತಾರೆ ಎಂದು ಗಂಡಸರು ಅಡ್ಡಿಪಡಿಸಿದರು. ಕೊನೆಗೆ ಗಿರಣಿ ಅಲ್ಲಿ ನೆಲೆಯೂರಿದ್ದು ಹೆಂಗಸರು ಹಟ ಹಿಡಿದಿದ್ದರಿಂದ.

ಪ್ರಶ್ನೆ: ಗಿರಣಿ ಬಂದು ಬೀಸುವ ಪದಗಳು ಮರೆಯಾದವು. ಇದು ನಷ್ಟವಲ್ಲವೇ?
— ಓದುಗರೊಬ್ಬರು, ಇಂಡಿ

ಉತ್ತರ: ನಷ್ಟವೇ ಹೌದು. ನಮ್ಮ ಜನಪದ ತ್ರಿಪದಿಯ ದೊಡ್ಡ ಪಾಲು ಬೀಸುವ, ಕುಟ್ಟುವ ಲಯದಲ್ಲಿ ಹುಟ್ಟಿತು. ನಿಮ್ಮ ಜಿಲ್ಲೆಯದೇ ಆದ ಹಲಸಂಗಿಯ ಗೆಳೆಯರು ಗರತಿಯರ ಬಾಯಿಂದ ಅವನ್ನು ಬರೆದುಕೊಂಡು 1930ರ ದಶಕದಲ್ಲಿ ಅಚ್ಚು ಹಾಕಿಸದಿದ್ದರೆ ಇನ್ನೂ ಎಷ್ಟೋ ಹೋಗಿಬಿಡುತ್ತಿತ್ತು. ಆದರೆ ಹಾಡು ಉಳಿಯಲೆಂದು ಆ ದುಡಿಮೆ ಮುಂದುವರಿಯಬೇಕಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ. ತವರಿನ ಹಂಬಲವನ್ನೂ ಅತ್ತೆಮನೆಯ ಕಷ್ಟವನ್ನೂ ಅವರು ಹಾಡಿದ್ದು ಆ ಕಲ್ಲಿನ ಮುಂದೆಯೇ.

ಪ್ರಶ್ನೆ: ಯಂತ್ರದಲ್ಲಿ ಹಾಯ್ದ ಧಾನ್ಯ ಸತ್ವ ಕಳೆದುಕೊಳ್ಳುತ್ತದೆಯೇ? ನಮ್ಮ ಕುಚ್ಚಲಕ್ಕಿ ಒಳ್ಳೆಯದೆನ್ನುವುದಕ್ಕೆ ಆಧಾರವಿದೆಯೇ?
— ಓದುಗರೊಬ್ಬರು, ಉಡುಪಿ

ಉತ್ತರ: ಆಧಾರವಿದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಉಗಿಯಂತ್ರದ ಅಕ್ಕಿ ಗಿರಣಿಗಳು ತೌಡನ್ನೆಲ್ಲ ತೆಗೆದು ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಯನ್ನು ಅಗ್ಗವಾಗಿ ಒದಗಿಸತೊಡಗಿದಾಗ, ಆಗ್ನೇಯ ಏಷ್ಯಾದಲ್ಲಿ ಕಾಲುಗಳ ಬಲ ಕುಂದಿಸಿ ಹೃದಯವನ್ನು ಕೆಡಿಸುವ ಬೆರಿಬೆರಿ ರೋಗ ವ್ಯಾಪಕವಾಯಿತು. ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್ಮನ್, ಸೈನಿಕ ಆಸ್ಪತ್ರೆಯ ಬಿಳಿ ಅನ್ನ ತಿಂದ ಕೋಳಿಗಳ ಕಾಲು ಸೋತದ್ದನ್ನೂ, ತೌಡಿರುವ ಅಕ್ಕಿಗೆ ಬದಲಾಯಿಸಿದಾಗ ಅವು ಚೇತರಿಸಿಕೊಂಡದ್ದನ್ನೂ ಗಮನಿಸಿದರು. ಅಕ್ಕಿಯಲ್ಲಿ ಏನೋ ವಿಷವಿದೆ ಎಂದು ಅವರು ಮೊದಲು ಭಾವಿಸಿದ್ದರು. ತೌಡಿನೊಂದಿಗೆ ದೇಹಕ್ಕೆ ಬೇಕಾದ ವಸ್ತುವೊಂದು ಹೋಗುತ್ತಿದೆ ಎಂದು 1901ರಲ್ಲಿ ಸ್ಪಷ್ಟಪಡಿಸಿದವರು ಅವರ ಸಹೋದ್ಯೋಗಿ ಗೆರಿಟ್ ಖ್ರೈನ್ಸ್. ಆ ವಸ್ತುವೇ ಬಿ1 ಜೀವಸತ್ವ. ಐಕ್ಮನ್ ಅವರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಅದೇ ಕಾಲದ ಮಲಯಾದಲ್ಲಿ ಬಿಳಿ ಅಕ್ಕಿ ತಿನ್ನುತ್ತಿದ್ದ ಚೀನೀ ಕಾರ್ಮಿಕರು ಬೆರಿಬೆರಿಯಿಂದ ಸಾಯುತ್ತಿದ್ದಾಗ, ಕುಚ್ಚಲಕ್ಕಿ ತಿನ್ನುತ್ತಿದ್ದ ತಮಿಳು ಕಾರ್ಮಿಕರು ಬಹುಮಟ್ಟಿಗೆ ಪಾರಾಗಿದ್ದರು. ಭತ್ತವನ್ನು ನೆನೆಸಿ ಬೇಯಿಸುವಾಗ ಬಿ1 ಜೀವಸತ್ವ ಹೊರಪದರದಿಂದ ಕಾಳಿನ ಒಳಕ್ಕೆ ಇಳಿಯುವುದರಿಂದ, ಆಮೇಲೆ ಗಿರಣಿ ತೌಡು ತೆಗೆದರೂ ಅದರ ಒಂದು ಪಾಲು ಉಳಿಯುತ್ತದೆ. ಊರಿನ ಗಿರಣಿಯಲ್ಲಿ ಇಡಿಯಾಗಿ ಬೀಸಿಸಿದ ರಾಗಿಗೂ ಜೋಳಕ್ಕೂ ಈ ಆತಂಕ ಬೇಡ. ಜರಡಿ ಹಿಡಿದು ತೌಡನ್ನು ಚೆಲ್ಲದಿದ್ದರೆ ಕಾಳಿನಲ್ಲಿ ಇದ್ದದ್ದರ ಬಹುಪಾಲು ಹಿಟ್ಟಿನಲ್ಲಿಯೂ ಇರುತ್ತದೆ.